ಹಸಿರು ಗುಳಿಗೆ, ಹಸಿ ಸೌದೆ

ಹರಿಹರದ ಯಾವುದೇ ಮೆಡಿಕಲ್ ಶಾಪಿನ ಮುಂದೆ ಸಂಜೆ ಅರ್ಧ ತಾಸು ನಿಂತರೆ ಈ ವ್ಯವಹಾರ ಕಣ್ಣಿಗೆ ಬೀಳುತ್ತದೆ. ಅರವತ್ತು ದಾಟಿದ ಹಿರಿಯರೊಬ್ಬರು ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆಯುತ್ತಾರೆ. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿದೆ. ಅಂಗಡಿಯ ಹುಡುಗನಿಗೆ ಅದನ್ನು ಓದುವ ಅಗತ್ಯವೂ ಇಲ್ಲ, ತಿಂಗಳು ತಿಂಗಳು ಬರುವ ಗಿರಾಕಿ. ಶುಗರಿಗೆ ಮೆಟ್‌ಫಾರ್ಮಿನ್, ಬಿಪಿಗೆ ರಾಮಿಪ್ರಿಲ್, ಕೊಲೆಸ್ಟ್ರಾಲಿಗೊಂದು, ಕೊನೆಗೆ ಹಸಿರು ಬಣ್ಣದ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಜಾರುವ ವಿಟಮಿನ್ ಇ ಕ್ಯಾಪ್ಸೂಲು. ಲೆಕ್ಕ ಕೂಡಿದಾಗ ಕೈಯಲ್ಲಿರುವ ದುಡ್ಡು ಸಾಲುವುದಿಲ್ಲ.

"ಹಂಗಾದ್ರೆ ಬಿಪಿದು ಐದೇ ಕೊಡಪ್ಪ. ಶಕ್ತಿದು ಪೂರ್ತಿ ಶೀಟು ಇರ್ಲಿ."

"ಯಾಕಜ್ಜಾರೆ, ಬಿಪಿದು ಬೇಕಲ್ವಾ?"

"ಅದು ತಗೊಂಡ್ರೂ ಏನೂ ಗೊತ್ತಾಗಲ್ಲಪ್ಪ. ಇದು ತಗೊಂಡ್ರೆ ಮೈಯಾಗೊಂದು ಕಸುವು ಬಂದಂಗಾಗತೈತಿ."

ಹುಡುಗ ಕತ್ತರಿ ತೆಗೆದು ರಾಮಿಪ್ರಿಲ್ ಶೀಟನ್ನು ನಡುವೆ ಕತ್ತರಿಸುತ್ತಾನೆ.

ಅಜ್ಜನ ಮಾತನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಆಡಿದ್ದು ಶುದ್ಧ ತತ್ತ್ವಶಾಸ್ತ್ರದ ಮಾತು. ಒಂದು ವಸ್ತು ನನಗೆ ಒಳ್ಳೆಯದು ಮಾಡುತ್ತಿದೆ ಎಂದು ನನಗೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆಯ ಸುತ್ತ ನಮ್ಮ ದರ್ಶನಗಳು ಶತಮಾನಗಟ್ಟಲೆ ಜಗಳವಾಡಿವೆ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಜ್ಞಾನದ ಬಾಗಿಲುಗಳನ್ನು ಎಣಿಸಿವೆ, ಯಾವ ಬಾಗಿಲಿನಿಂದ ಯಾವುದು ಒಳಗೆ ಬರಬಹುದು ಎಂದು ಕಾವಲು ಕೂತಿವೆ. ಅಜ್ಜ ನಂಬಿದ್ದು ಪ್ರತ್ಯಕ್ಷವನ್ನು. ಆ ಗುಳಿಗೆಯನ್ನು ಮೊದಲು ಬರೆದ ವೈದ್ಯರು ಬಹುಶಃ ನಂಬಿದ್ದು ಅನುಮಾನವನ್ನು. ಪಕ್ಕದ ಮನೆಯವರು ಹೇಳಿದರು ಎಂದು ಕೊಳ್ಳುವವರದು ಆಪ್ತವಾಕ್ಯ. ಮೂರೂ ಬಾಗಿಲಿನಿಂದ ಒಂದೇ ಹಸಿರು ಗುಳಿಗೆ ಒಳಗೆ ಬಂದಿದೆ.

ಅನುಮಾನದ ಬಾಗಿಲೇ ಎಲ್ಲಕ್ಕಿಂತ ಭದ್ರವಾಗಿ ಕಾಣುತ್ತಿತ್ತು. ಉಸಿರಾಡಿದ ಆಮ್ಲಜನಕದಿಂದಲೇ ಜೀವಕೋಶಗಳು ಅನ್ನವನ್ನು ಸುಟ್ಟು ಶಕ್ತಿ ಪಡೆಯುತ್ತವೆ. ಒಲೆ ಉರಿದರೆ ಕಿಡಿ ಹಾರಲೇಬೇಕು. ಆ ಕಿಡಿಗಳಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಮುಪ್ಪಿಗೆ ಇವೇ ಕಾರಣ ಎಂಬ ವಾದವನ್ನು 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಮಂಡಿಸಿದರು. ರಕ್ತನಾಳದ ಗೋಡೆಗೆ ಅಂಟುವ ಕೆಟ್ಟ ಕೊಬ್ಬು ಹೀಗೆ ಕಿಡಿ ತಾಗಿ ಕಮಟಾದಾಗಲೇ ಹೆಚ್ಚು ಅಪಾಯಕಾರಿ ಎಂದು 1980ರ ದಶಕದ ಹೊತ್ತಿಗೆ ಪ್ರಯೋಗಾಲಯಗಳು ತೋರಿಸಿದವು. ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕಷ್ಟದ್ದು: ರಕ್ತದಲ್ಲಿ ಗ್ಲೂಕೋಸ್ ಏರಿದಂತೆ ಜೀವಕೋಶದ ಒಲೆಗೆ ಸೌದೆ ಹೆಚ್ಚಾಗಿ ಕಿಡಿಯೂ ಹೆಚ್ಚುತ್ತದೆ, ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳ ಹಾನಿಗೆಲ್ಲ ಮೂಲ ಅಲ್ಲೇ ಇದೆ ಎಂದು 2001ರಲ್ಲಿ ಮೈಕೆಲ್ ಬ್ರೌನ್ಲಿ ಬರೆದರು. ವಿಟಮಿನ್ ಇ, ವಿಟಮಿನ್ ಸಿ, ಬೀಟಾ ಕ್ಯಾರೊಟಿನ್ ಕಿಡಿ ನಂದಿಸುವ ಪದಾರ್ಥಗಳು. ಹಾಗಾದರೆ ಶುಗರ್ ಇದ್ದವರಿಗೆ ಇವನ್ನು ಕೊಟ್ಟರೆ ಹೃದಯ ಉಳಿಯಬೇಕು. ಹೊಗೆ ಕಂಡು ಬೆಂಕಿಯನ್ನು ಊಹಿಸಿದಷ್ಟೇ ಸಲೀಸಾದ ತರ್ಕ.

ಈ ತರ್ಕಕ್ಕೆ ಸಾಕ್ಷಿಯೂ ಸಿಕ್ಕಿತು. 1993ರಲ್ಲಿ ಅಮೆರಿಕದ 87,245 ನರ್ಸ್‌ಗಳನ್ನು ಎಂಟು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ವಿಟಮಿನ್ ಇ ಹೆಚ್ಚು ಸೇವಿಸುತ್ತಿದ್ದವರಲ್ಲಿ ಹೃದ್ರೋಗ ಮೂರನೇ ಒಂದು ಪಾಲಿನಷ್ಟು ಕಡಿಮೆ. ಅದೇ ವರ್ಷ ಗಂಡಸರ ಮೇಲಿನ ಅಧ್ಯಯನವೂ ಅದನ್ನೇ ಹೇಳಿತು. ಇನ್ನೇನು ಬೇಕು? ಅಂಗಡಿಗಳ ಕಪಾಟು ತುಂಬಿದವು.

ಇಲ್ಲಿ ಸ್ವಲ್ಪ ನಿಂತು, ತುಂಗಭದ್ರೆಯ ದಂಡೆಗುಂಟ ಕೆಳಕ್ಕೆ ಹಂಪಿಯ ಕಡೆ ಹೋಗಬೇಕು. ಹದಿನಾಲ್ಕನೇ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರದೆಂದು ಪ್ರಸಿದ್ಧವಾದ 'ಸರ್ವದರ್ಶನಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಹುಟ್ಟಿತು. ಬರೆದವರು ಅದ್ವೈತಿ. ಆದರೂ ಮೊದಲ ಅಧ್ಯಾಯವನ್ನು ಅವರು ಬಿಟ್ಟುಕೊಟ್ಟದ್ದು ಚಾರ್ವಾಕನಿಗೆ, ದೇವರನ್ನೂ ಪರಲೋಕವನ್ನೂ ಒಪ್ಪದ ನಾಸ್ತಿಕನಿಗೆ. ಆತನ ವಾದವನ್ನು ಎಲ್ಲೂ ಪೊಳ್ಳು ಮಾಡದೆ ಮಂಡಿಸಿದ್ದಾರೆ. ಚಾರ್ವಾಕನ ತಕರಾರು ಇದು: ನೀವು ಅನುಮಾನ ಪ್ರಮಾಣ ಎನ್ನುತ್ತೀರಿ, ಎರಡು ವಸ್ತುಗಳು ಜೊತೆಯಲ್ಲಿ ಕಂಡವು ಎಂದು ಒಂದರಿಂದ ಇನ್ನೊಂದನ್ನು ಸಾಧಿಸುತ್ತೀರಿ. ಅವೆರಡರ ನಡುವೆ ಕಣ್ಣಿಗೆ ಕಾಣದ ಮೂರನೆಯದೊಂದು ಕೂತಿಲ್ಲ ಎಂದು ನಿಮಗೇನು ಖಾತ್ರಿ?

ಆ ಮೂರನೆಯದಕ್ಕೆ ತಾರ್ಕಿಕರು ಕೊಟ್ಟ ಹೆಸರು 'ಉಪಾಧಿ'. ಅವರ ಹಳೆಯ ಉದಾಹರಣೆ ಅಡುಗೆಮನೆಯದೇ. ಬೆಂಕಿ ಇದ್ದಲ್ಲಿ ಹೊಗೆ ಇರುತ್ತದೆ ಎಂದು ನಿತ್ಯ ಒಲೆ ನೋಡಿದವರಿಗೆ ಅನಿಸುತ್ತದೆ. ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡಿ: ಬೆಂಕಿ ಇದೆ, ಹೊಗೆ ಇಲ್ಲ. ಅಂದರೆ ಹೊಗೆ ಬಂದದ್ದು ಬರೀ ಬೆಂಕಿಯಿಂದಲ್ಲ, ಹಸಿ ಸೌದೆಯಿಂದ. ಹಸಿ ಸೌದೆ ಇಲ್ಲಿಯ ಉಪಾಧಿ. ಅದನ್ನು ಗುರುತಿಸದವನು ಬೆಂಕಿಯ ಲೆಕ್ಕಕ್ಕೆ ಹೊಗೆ ಬರೆಯುತ್ತಾನೆ.

ನರ್ಸ್‌ಗಳ ಅಧ್ಯಯನದ ಹಸಿ ಸೌದೆ ಯಾವುದು? ತನ್ನ ದುಡ್ಡಿನಲ್ಲಿ ವರ್ಷಗಟ್ಟಲೆ ವಿಟಮಿನ್ ಕೊಂಡು ತಪ್ಪದೆ ನುಂಗುವವರು ಎಂಥವರು ಎಂದು ಯೋಚಿಸಿದರೆ ಸಾಕು. ಸಿಗರೇಟು ಸೇದುವುದು ಕಡಿಮೆ, ವಾಕಿಂಗ್ ಹೆಚ್ಚು, ತರಕಾರಿ ಹೆಚ್ಚು, ವೈದ್ಯರ ಬಳಿ ಹೋಗುವುದೂ ಹೆಚ್ಚು. ಸಂಶೋಧಕರು ಇವನ್ನೆಲ್ಲ ಲೆಕ್ಕದಿಂದ ಕಳೆಯಲು ಪ್ರಯತ್ನಿಸಿದ್ದರು. ಆದರೆ ಚಾರ್ವಾಕನ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ: ನಿಮಗೆ ಗೊತ್ತಿರುವ ಉಪಾಧಿಯನ್ನು ಕಳೆದಿರಿ, ಗೊತ್ತಿಲ್ಲದ್ದನ್ನು ಹೇಗೆ ಕಳೆಯುತ್ತೀರಿ?

ಹಾಗೆಂದು, ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಪ್ರಸಂಗ ಇದಲ್ಲ. ತಾರ್ಕಿಕರು ರೋಗವನ್ನು ಗುರುತಿಸಿ ಹೆಸರಿಟ್ಟರು. ಮದ್ದು ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ, ಅದೂ ಅತಿ ಸರಳ ರೂಪದಲ್ಲಿ: ಚೀಟಿ ಎತ್ತುವುದು. ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಅದೇ ಬಣ್ಣದ ಪೊಳ್ಳು ಗುಳಿಗೆ ಎಂಬುದನ್ನು ವೈದ್ಯರೂ ನಿರ್ಧರಿಸಬಾರದು, ರೋಗಿಯೂ ನಿರ್ಧರಿಸಬಾರದು. ನಮ್ಮ ಹಳ್ಳಿಗಳಲ್ಲಿ ಮದುವೆ ಮಾತುಕತೆಗೋ ಬೋರ್‌ವೆಲ್ ಕೊರೆಸುವುದಕ್ಕೋ ದೇವರ ಮುಂದೆ ಕೂತು ಹೂ ಬಲಕ್ಕೆ ಬೀಳುತ್ತದೋ ಎಡಕ್ಕೋ ಎಂದು ಅಪ್ಪಣೆ ಕೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಅಲ್ಲಿ ಹೂವಿಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆ. ಇಲ್ಲಿ ಚೀಟಿಗೆ ಏನೂ ಗೊತ್ತಿಲ್ಲ ಎಂಬ ಭರವಸೆ. ಯಾರು ವಾಕಿಂಗ್ ಹೋಗುತ್ತಾರೆ, ಯಾರು ಬೀಡಿ ಸೇದುತ್ತಾರೆ ಎಂಬುದು ಚೀಟಿಗೆ ತಿಳಿಯದ ಕಾರಣ ಹಸಿ ಸೌದೆ ಎರಡೂ ಒಲೆಗೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ, ಹೆಸರು ಗೊತ್ತಿಲ್ಲದ ಸೌದೆಯೂ ಸೇರಿ. ಸಾವಿರಾರು ಜನರಿರಬೇಕು, ಅಷ್ಟೇ.

ಅಂಥ ಪರೀಕ್ಷೆಗಳಲ್ಲಿ ಪ್ರಸಿದ್ಧವಾದದ್ದೊಂದರ ಹಿಂದೆ ಬೆಂಗಳೂರಿನ ನೆರಳಿದೆ. ಕೇರಳದಲ್ಲಿ ಹುಟ್ಟಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡಿದ ಸಲೀಂ ಯೂಸುಫ್, ಆಕ್ಸ್‌ಫರ್ಡಿಗೆ ಹೋಗಿ, ಮುಂದೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಹೃದ್ರೋಗತಜ್ಞ. ಅವರ ನೇತೃತ್ವದ 'ಹೋಪ್' ಅಧ್ಯಯನಕ್ಕೆ 55 ದಾಟಿದ 9,541 ಮಂದಿ ಸೇರಿದರು. ಎಲ್ಲರೂ ಹೃದಯಾಘಾತದ ಅಪಾಯ ಹೆಚ್ಚಿದ್ದವರು, ಅವರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸಕ್ಕರೆ ಕಾಯಿಲೆಯವರು. ಎರಡು ಬಾರಿ ಚೀಟಿ ಎತ್ತಲಾಯಿತು. ಮೊದಲ ಚೀಟಿಯಲ್ಲಿ ವಿಟಮಿನ್ ಇ 400 ಯೂನಿಟ್ ಅಥವಾ ಪೊಳ್ಳು ಗುಳಿಗೆ. ಎರಡನೆಯದರಲ್ಲಿ ರಾಮಿಪ್ರಿಲ್ ಅಥವಾ ಪೊಳ್ಳು ಗುಳಿಗೆ. ಹರಿಹರದ ಅಜ್ಜನ ಚೀಟಿಯಲ್ಲಿದ್ದ ಅವೇ ಎರಡು ಮದ್ದು!

ನಾಲ್ಕೂವರೆ ವರ್ಷದ ನಂತರ, 2000ದ ಜನವರಿಯಲ್ಲಿ ಫಲ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾರಣದಿಂದ ಸಾವು, ಇವುಗಳಲ್ಲಿ ಒಂದಕ್ಕೆ ತುತ್ತಾದವರು ವಿಟಮಿನ್ ಇ ಪಡೆದವರಲ್ಲಿ 16.2%, ಪೊಳ್ಳು ಗುಳಿಗೆಯವರಲ್ಲಿ 15.5%. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇಲ್ಲ. ರಾಮಿಪ್ರಿಲ್ ಪಡೆದವರಲ್ಲಿ 14%, ಪಡೆಯದವರಲ್ಲಿ 17.8%. ಸಕ್ಕರೆ ಕಾಯಿಲೆಯವರನ್ನೇ ಬೇರೆ ತೆಗೆದು ನೋಡಿದಾಗ ರಾಮಿಪ್ರಿಲ್‌ನ ಲಾಭ ಇನ್ನೂ ತುಸು ಹೆಚ್ಚು, ಕಾಲು ಭಾಗದಷ್ಟು ಅಪಾಯ ಇಳಿದಿತ್ತು. ವಿಟಮಿನ್ ಇ ಅವರಿಗೂ ಏನೂ ಮಾಡಿರಲಿಲ್ಲ. 'ಏನೂ ಗೊತ್ತಾಗದ' ಮಾತ್ರೆ ಜೀವ ಉಳಿಸಿತ್ತು. 'ಕಸುವು ಬಂದಂಗಾಗುವ' ಗುಳಿಗೆ ಸುಮ್ಮನೆ ಹೊಟ್ಟೆಯಲ್ಲಿ ಕರಗಿತ್ತು.

ಎರಡು ವರ್ಷದ ನಂತರ ಬ್ರಿಟನ್ನಿನಿಂದಲೂ ಅದೇ ಕಥೆ ಬಂತು. 20,536 ಜನ, ಅವರಲ್ಲಿ ಸುಮಾರು ಆರು ಸಾವಿರ ಸಕ್ಕರೆ ಕಾಯಿಲೆಯವರು. ಒಂದು ಚೀಟಿಯಲ್ಲಿ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಮೂರೂ ಸೇರಿದ ಗುಳಿಗೆ, ಇನ್ನೊಂದು ಚೀಟಿಯಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್. ಐದು ವರ್ಷ ಕಳೆದಾಗ ಸಿಮ್ವಾಸ್ಟಾಟಿನ್ ಗೆದ್ದಿತ್ತು, ವಿಟಮಿನ್ನುಗಳ ಖಾತೆಯಲ್ಲಿ ಸೊನ್ನೆ.

ಸೊನ್ನೆಯಾದರೆ ಹೋಗಲಿ, ದುಡ್ಡಷ್ಟೇ ದಂಡ ಎನ್ನಬಹುದು. ಹಾಗೂ ಇಲ್ಲ. ಹೋಪ್ ಅಧ್ಯಯನದ ಜನರನ್ನು ಏಳು ವರ್ಷದವರೆಗೆ ಗಮನಿಸಿದಾಗ ವಿಟಮಿನ್ ಇ ಪಡೆದವರಲ್ಲಿ ಹೃದಯ ವೈಫಲ್ಯದ ಅಪಾಯ 13% ಹೆಚ್ಚಿತ್ತು. ಅದಕ್ಕೂ ಮುಂಚೆ, 1994ರಲ್ಲಿ ಪ್ರಕಟವಾದ, ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು ಬಂದಿತ್ತು, ಕಾಯಬೇಕಾಗಿದ್ದ ಗುಳಿಗೆಯಿಂದ. 2004ರಲ್ಲಿ ಅಮೆರಿಕದ ಅಯೋವಾದ 1,923 ಸಕ್ಕರೆ ಕಾಯಿಲೆಯ ಮಹಿಳೆಯರ ಅಧ್ಯಯನವೊಂದು, ವಿಟಮಿನ್ ಸಿ ಗುಳಿಗೆಗಳನ್ನು ದಿನಕ್ಕೆ 300 ಮಿಲಿಗ್ರಾಂಗೂ ಹೆಚ್ಚು ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದಿತು. ಇದು ಚೀಟಿ ಎತ್ತಿದ ಪರೀಕ್ಷೆಯಲ್ಲ, ನೋಡಿ ಬರೆದ ಲೆಕ್ಕ. ನರ್ಸ್‌ಗಳ ಮೇಲೆ ಹಾಕಿದ ಉಪಾಧಿಯ ಶಂಕೆಯನ್ನು ನ್ಯಾಯವಾಗಿ ಇದರ ಮೇಲೂ ಹಾಕಬೇಕು. ಮೈ ಹುಷಾರಿಲ್ಲದವರೇ ಹೆಚ್ಚು ಗುಳಿಗೆ ನುಂಗುತ್ತಿದ್ದಿರಬಹುದಲ್ಲ? ನಮಗೆ ಬೇಡವಾದ ಫಲಕ್ಕೆ ಮಾತ್ರ ಚಾರ್ವಾಕನನ್ನು ಕರೆಯುವುದು ಸರಿಯಲ್ಲ.

ಅತಿಯಾದರೆ ಅಮೃತವೂ ವಿಷ ಎಂದು ಹೇಳಿ ಇಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದು ಬರೀ ಪ್ರಮಾಣ ಮೀರಿದ ಕಥೆಯಲ್ಲ. ತರ್ಕದ ಬುಡದಲ್ಲೇ ಒಂದು ಬಿರುಕಿದೆ. ಅದನ್ನು ಕಾಣಲು ಮೆಡಿಕಲ್ ಶಾಪಿನಿಂದ ಹರಿಹರೇಶ್ವರನ ಗುಡಿಗೆ ನಡೆದರೆ ಸಾಕು.

ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಮಂಟಪದ ಬಳಪದ ಕಲ್ಲಿನ ಕಂಬಗಳನ್ನು ಚರಕಿಯಲ್ಲಿ ತಿರುಗಿಸಿ ಕಡೆದಿದ್ದಾರೆ, ಬಳೆ ಬಳೆಯಾಗಿ, ಮುಖ ಕಾಣುವಷ್ಟು ನುಣುಪಾಗಿ. (ಏಳು ಶತಮಾನದ ನಂತರ, 1941ರಲ್ಲಿ, ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡತೊಡಗಿದ್ದು ಕಾಕತಾಳೀಯ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧ ಕಟ್ಟಬಾರದು ಎಂಬುದು ಈ ಬರಹದ ವಿಷಯವೇ ಆದ್ದರಿಂದ ಅದನ್ನು ಅಲ್ಲಿಗೇ ಬಿಡೋಣ.) ಗರ್ಭಗುಡಿಯಲ್ಲಿ ನಿಂತ ಮೂರ್ತಿ ಒಂದೇ. ಬಲಭಾಗ ಹರ, ಎಡಭಾಗ ಹರಿ. ಒಂದು ಬದಿಗೆ ಜಟೆ, ಇನ್ನೊಂದಕ್ಕೆ ಕಿರೀಟ. ಮುಖ ಮಾತ್ರ ಒಂದು. ಸ್ಥಳಪುರಾಣದ ಪ್ರಕಾರ ಗುಹಾಸುರ ಹರಿಯಿಂದಲೂ ಹರನಿಂದಲೂ ಸಾವು ಬರದಂತೆ ವರ ಪಡೆದಿದ್ದ. ಕಾಯುವವನೊಬ್ಬನಿಂದಲೂ ಆಗಲಿಲ್ಲ, ಸುಡುವವನೊಬ್ಬನಿಂದಲೂ ಆಗಲಿಲ್ಲ. ಇಬ್ಬರೂ ಒಂದೇ ಮೈಯಾಗಿ ಬರಬೇಕಾಯಿತು.

ಕಿಡಿ ನಂದಿಸುವ ಸಿದ್ಧಾಂತ ಹರನನ್ನು ಅಸುರನೆಂದು ತಿಳಿದಿತ್ತು. ಮೈಯೊಳಗಿನ ಸುಡುವಿಕೆಯೆಲ್ಲ ಕೆಟ್ಟದ್ದು, ತಣಿಸುವುದೆಲ್ಲ ಒಳ್ಳೆಯದು ಎಂಬ ಸರಳ ದ್ವಂದ್ವ. ನಿಜದಲ್ಲಿ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ಕೊಲ್ಲುವ ಬಗೆಗಳಲ್ಲಿ ಅದೇ ಕಿಡಿಗಳನ್ನು ಉಗುಳುವುದೂ ಒಂದು. ವ್ಯಾಯಾಮ ಮಾಡಿದಾಗ ಸ್ನಾಯುಗಳಲ್ಲಿ ಕಿಡಿ ಹೆಚ್ಚುತ್ತದೆ. ಆ ಕಿಡಿಯೇ ಜೀವಕೋಶಕ್ಕೆ ಹೋಗುವ ಸುದ್ದಿ: ಕೆಲಸ ಜಾಸ್ತಿಯಾಗಿದೆ, ಸಜ್ಜಾಗು. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಸುಮಾರು 40 ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ವಿಟಮಿನ್ ಸಿ ಮತ್ತು ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡತೊಡಗಿದ್ದು ಗುಳಿಗೆ ತೆಗೆದುಕೊಳ್ಳದವರಲ್ಲಿ ಮಾತ್ರ. ಗುಳಿಗೆ ಸುದ್ದಿಯನ್ನು ದಾರಿಯಲ್ಲೇ ಅಳಿಸಿಹಾಕಿತ್ತು. ನಂತರದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಸಕ್ಕರೆ ಕಾಯಿಲೆಯವರಿಗೆ ಇದರಷ್ಟು ಕಸಿವಿಸಿ ತರುವ ಸಂಗತಿ ಇನ್ನೊಂದಿರಲಾರದು. ಪ್ರಮೇಹದ ಬಡ ರೋಗಿ ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಬೆಳಗ್ಗೆ ತುಂಗಭದ್ರೆಯ ಕಡೆ ಬೆವರು ಸುರಿಸಿ ನಡೆದು ಬಂದು, ಮನೆಗೆ ಬಂದೊಡನೆ ಆ ನಡಿಗೆಯ ಫಲವನ್ನು ಅಳಿಸಬಹುದಾದ ಗುಳಿಗೆಯನ್ನು ದುಡ್ಡು ಕೊಟ್ಟು ನುಂಗುವುದು ಎಂದರೆ!

ಮೂರ್ತಿಯ ಹೋಲಿಕೆಯನ್ನು ಇದಕ್ಕಿಂತ ಎಳೆದರೆ ಅದೂ ಹೊಗೆಯಾಗುತ್ತದೆ. ಪೋಲಾಳ್ವನ ಶಿಲ್ಪಿಗಳಿಗೆ ಆಮ್ಲಜನಕದ ಚಿಂತೆ ಇರಲಿಲ್ಲ, ಶೈವ-ವೈಷ್ಣವರ ಕಿತ್ತಾಟದ ಚಿಂತೆ ಇದ್ದಿರಬಹುದು.

ಕೊರತೆಯನ್ನು ತುಂಬುವ ಮಾತೇ ಬೇರೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಕಾಲು ಜೋಮು ಹಿಡಿದರೆ ಶುಗರಿನ ಮೇಲೇ ತಪ್ಪು ಹೊರಿಸುವ ಮುನ್ನ ಅದನ್ನು ಪರೀಕ್ಷಿಸಬೇಕು, ಕಡಿಮೆ ಇದ್ದರೆ ಕೊಡಬೇಕು. ಬತ್ತಿದ ಸೂಳೆಕೆರೆಗೆ ನೀರು ಬಿಟ್ಟರೆ ಊರು ಉಳಿಯುತ್ತದೆ, ಕೋಡಿ ಬಿದ್ದ ಕೆರೆಗೆ ಬಿಟ್ಟರೆ ಗದ್ದೆ ಕೊಚ್ಚುತ್ತದೆ. ಶೇಂಗಾ ಚಟ್ನಿಪುಡಿ, ಸೂರ್ಯಕಾಂತಿ ಎಣ್ಣೆ, ಸೊಪ್ಪು ನಿತ್ಯ ಊಟದಲ್ಲಿರುವ ಸೀಮೆಯಲ್ಲಿ ವಿಟಮಿನ್ ಇ ಬತ್ತುವುದು ಅಪರೂಪ.

ಇಷ್ಟಾದರೂ ಚಾರ್ವಾಕನಿಗೆ ಇನ್ನೊಂದು ತುತ್ತು ಉಳಿದಿದೆ. ರಕ್ತದಲ್ಲಿ ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಮೂರು ಬಗೆಯಲ್ಲಿ ಬರುತ್ತದೆ. 2-2 ಎಂಬ ಬಗೆಯವರಲ್ಲಿ ಅದು ಕಿಡಿ ತಡೆಯುವ ಕೆಲಸದಲ್ಲಿ ಸೋಮಾರಿ. ಇಸ್ರೇಲಿನಲ್ಲಿ ಈ ಬಗೆಯ 1,434 ಸಕ್ಕರೆ ಕಾಯಿಲೆಯವರನ್ನೇ ಆರಿಸಿ, ಚೀಟಿ ಎತ್ತಿ, ಅದೇ 400 ಯೂನಿಟ್ ವಿಟಮಿನ್ ಇ ಕೊಟ್ಟರು. 2008ರಲ್ಲಿ ಬಂದ ವರದಿಯಲ್ಲಿ ಹದಿನೆಂಟು ತಿಂಗಳಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ 4.7%ರಿಂದ 2.2%ಕ್ಕೆ ಇಳಿದಿತ್ತು. ಎಲ್ಲರನ್ನೂ ಒಟ್ಟು ಸೇರಿಸಿ ನೋಡಿದಾಗ ಕಾಣದೇ ಹೋದದ್ದು, ಒಂದು ಗುಂಪಿನಲ್ಲಿ ಕಂಡಿತು. ಉಪಾಧಿ ಈ ಸಲ ಮೈಯೊಳಗೇ ಕೂತಿತ್ತು. ನಮಗೆ ಮುಖ್ಯವಾದದ್ದು, 2-2 ಬಗೆ ಯುರೋಪಿನವರಿಗಿಂತ ಭಾರತೀಯರಲ್ಲಿ ಬಹಳ ಹೆಚ್ಚು. ಹಾಗಾದರೆ ಅಜ್ಜನೇ ಸರಿಯೇ? ಒಂದೇ ದೇಶದ, ಹದಿನೆಂಟು ತಿಂಗಳ ಒಂದು ಪರೀಕ್ಷೆಯ ಮೇಲೆ 10 ಕೋಟಿ ಸಕ್ಕರೆ ಕಾಯಿಲೆಯವರಿರುವ ದೇಶಕ್ಕೆ ಗುಳಿಗೆ ಹಂಚಲಾಗದು. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಇಂಥ ವಿಟಮಿನ್ನುಗಳನ್ನು ಎಲ್ಲರಿಗೂ ಮಾಮೂಲಾಗಿ ಕೊಡಬೇಡಿ ಎಂದೇ ಹೇಳುತ್ತದೆ. ಅಲ್ಲಿಯ ತಜ್ಞರ ಕಾರ್ಯಪಡೆ 2022ರಲ್ಲಿ ಹೃದ್ರೋಗ ತಡೆಯಲೆಂದು ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಬೇಡವೇ ಬೇಡ ಎಂದಿತು. ಇತ್ತ ನಮ್ಮ ಊರುಗಳ ಲ್ಯಾಬುಗಳ ಮಾಮೂಲಿ ಪಟ್ಟಿಯಲ್ಲಿ ಹ್ಯಾಪ್ಟೊಗ್ಲೋಬಿನ್ ಬಗೆಯ ಪರೀಕ್ಷೆ ಇಲ್ಲ. ಪ್ರಶ್ನೆ ನಮ್ಮದು, ಪರೀಕ್ಷೆ ಮಾತ್ರ ಬೇರೆಯವರದು.

ಉಳಿದದ್ದು ಆಪ್ತವಾಕ್ಯ. ವೈದ್ಯನನ್ನು ನಾರಾಯಣನೆಂದೂ ಶಿವನನ್ನು ವೈದ್ಯನಾಥನೆಂದೂ ಕರೆಯುವ ನಾಡು ಇದು. ಇಲ್ಲಿ ಚೀಟಿಯಲ್ಲಿ ಬರೆದದ್ದನ್ನು ಪ್ರಶ್ನಿಸುವುದು ಅಶ್ರದ್ಧೆ ಎನಿಸುತ್ತದೆ. ಆದರೆ ಶ್ರದ್ಧೆಯ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲದ ಶಂಕರಾಚಾರ್ಯರೇ ಗೀತೆಯ ಹದಿನೆಂಟನೇ ಅಧ್ಯಾಯದ ಭಾಷ್ಯದಲ್ಲಿ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬರ್ಥದ ಮಾತು ಆಡುತ್ತಾರೆ. ಇಂದ್ರಿಯಕ್ಕೆ ಎಟುಕುವ ಸಂಗತಿಯಲ್ಲಿ ವೇದಕ್ಕೇ ಇಲ್ಲದ ಅಧಿಕಾರ ಗುಳಿಗೆ ಡಬ್ಬಿಯ ಮೇಲಿನ ಬರಹಕ್ಕೆ ಎಲ್ಲಿಂದ ಬರಬೇಕು? ಗುಡಿಯಲ್ಲಿ ಕೊಡುವ ತೀರ್ಥ ನಿಮ್ಮ ರಕ್ತನಾಳ ತೆರೆಯುತ್ತೇನೆ ಎಂದು ಹೇಳುವುದಿಲ್ಲ, ಆದ್ದರಿಂದ ಅದಕ್ಕೆ ಚೀಟಿ ಎತ್ತುವ ಪರೀಕ್ಷೆಯೂ ಬೇಡ. ಹಸಿರು ಗುಳಿಗೆ ಹೃದಯದ ಮಾತಾಡಿದೆ. ಮಾತಾಡಿದ ಮೇಲೆ ಪರೀಕ್ಷೆಗೆ ನಿಲ್ಲಬೇಕು.

ಅಜ್ಜನ ಪ್ರತ್ಯಕ್ಷವನ್ನೇನು ಮಾಡುವುದು? ಮೈಯಲ್ಲಿ ಕಸುವು ಬಂದದ್ದು ಸುಳ್ಳಲ್ಲ, ಅವರಿಗೆ ಹಾಗೆ ಅನಿಸಿದೆ. ತೊಂದರೆ ಇರುವುದು ಇನ್ನೊಂದು ಮಾತ್ರೆಯ ಕಡೆಗೆ. ಬಿಪಿ ಮಾತ್ರೆಯ ಫಲ ಪ್ರತ್ಯಕ್ಷಕ್ಕೆ ಸಿಗುವಂಥದ್ದೇ ಅಲ್ಲ. ಬರದೇ ಹೋದ ಹೃದಯಾಘಾತ ಕಣ್ಣಿಗೆ ಕಾಣುವುದು ಹೇಗೆ? ಮಡಕೆ ಇಲ್ಲದ ನೆಲವನ್ನು ನೋಡಿ 'ಮಡಕೆ ಇಲ್ಲ' ಎಂದು ತಿಳಿಯುವುದು ಯಾವ ಪ್ರಮಾಣದಿಂದ ಎಂದು ನಮ್ಮ ಪಂಡಿತರು ಕಾದಾಡಿದ್ದಾರೆ. ಕುಮಾರಿಲ ಭಟ್ಟರ ಪಂಥ ಅದಕ್ಕೆಂದೇ 'ಅನುಪಲಬ್ಧಿ' ಎಂಬ ಬೇರೆ ಪ್ರಮಾಣವನ್ನು ಒಪ್ಪಿತು. ಆದರೆ ಅಲ್ಲಿ ಮಡಕೆ ಇದ್ದಿದ್ದರೆ ಕಾಣುತ್ತಿತ್ತು. ಇಲ್ಲಿ ಒಬ್ಬನ ಮೈಯಲ್ಲಿ ಬಾರದ ಆಘಾತ ಯಾವತ್ತೂ ಕಾಣುವಂಥದ್ದಲ್ಲ, ಸಾವಿರಾರು ಜನರನ್ನು ಒಟ್ಟಿಗೆ ಎಣಿಸಿದಾಗ ಮಾತ್ರ 17.8 ಇದ್ದದ್ದು 14 ಆಗಿ ತೋರುತ್ತದೆ. ಇದನ್ನು ಕೌಂಟರಿನ ಆಚೆ ನಿಂತ ಹುಡುಗ, ಹಿಂದೆ ಇನ್ನೂ ನಾಲ್ಕು ಗಿರಾಕಿ ಕಾಯುತ್ತಿರುವಾಗ, ಅಜ್ಜನಿಗೆ ಹೇಗೆ ಹೇಳಬೇಕು?

ಕೆಲವು ಹುಡುಗರು ಹೇಳುತ್ತಾರೆ. "ಅಜ್ಜಾರೆ, ಈ ಸಲ ಉಲ್ಟಾ ಮಾಡಣ. ಬಿಪಿದು ಪೂರ್ತಿ ಒಯ್ಯಿರಿ, ಶಕ್ತಿದು ಮುಂದಿನ ತಿಂಗಳು ನೋಡಣ." ಅಜ್ಜ ಒಂದು ಗಳಿಗೆ ಹುಡುಗನ ಮುಖ ನೋಡಿ, ಆಮೇಲೆ ಆಗಲೇ ಕತ್ತರಿಸಿ ಇಟ್ಟ ಅರ್ಧ ಶೀಟನ್ನು ನೋಡಿ, "ಅದನ್ನೂ ಹಾಕು ಹಂಗಾರೆ, ಹೆಂಗೂ ಕತ್ತರಿಸೀಯಲ್ಲ" ಎಂದು ಹಸಿರು ಶೀಟನ್ನು ಕೌಂಟರಿನ ಮೇಲೆ ಹಿಂದಕ್ಕೆ ಸರಿಸುತ್ತಾರೆ.